ವಸ್ತು ಬೇಡ, ಅನುಭವ ಕೊಡಿರಿ

ಯುಗಾದಿಗೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಏಳು ಗೋಡೆ ಗಡಿಯಾರಗಳು ಇಳಿದವು. ಏಳೂ ನನ್ನ ಮದುವೆಗೆ ಬಂದ ಆಯೇರಿ. ನಮ್ಮ ಕಡೆ ಮದುವೆಯ ಉಡುಗೊರೆಗೆ ಆಯೇರಿ ಎನ್ನುತ್ತೇವೆ. ಏಳರಲ್ಲಿ ಒಂದೂ ನಡೆಯುವುದಿಲ್ಲ. ಒಂದೊಂದೂ ಒಂದೊಂದು ಹೊತ್ತಿಗೆ ನಿಂತಿದೆ. ಏಳು ಗಡಿಯಾರ ಬಂದ ಹೆಣ್ಣು ಮೂವತ್ತು ವರ್ಷ ಪ್ರಾರ್ಥನೆ ಮುಗಿದ ಮೇಲೆಯೇ ಶಾಲೆಗೆ ಪಾಠ ಹೇಳಲು ಹೋದಳು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಹೆಡ್‌ಮಾಸ್ತರು ನಂಬುತ್ತಾರೆ.

ನಾನು ಸುರಪುರದಲ್ಲಿ ಬೆಳೆದವಳು. ಆಗ ಮದುವೆಯಲ್ಲಿ ಅಕ್ಷತೆ ಬಿದ್ದದ್ದೇ ತಡ, ಮಂತ್ರ ಹೇಳುತ್ತಿದ್ದ ಮೈಕು ಆಯೇರಿ ಕೂಗುವವನ ಕೈಗೆ ಹೋಗುತ್ತಿತ್ತು. ಯಾರು ಏನು ಕೊಟ್ಟರು ಎಂಬುದನ್ನು ಒಬ್ಬ ದೊಡ್ಡ ಗಂಟಲಿನವ ನಾಲ್ಕು ಓಣಿಗೆ ಕೇಳುವಂತೆ ಸಾರಬೇಕು. ಒಮ್ಮೆ ನಮ್ಮಪ್ಪ ಒಂದು ಸ್ಟೀಲಿನ ಬೋಗುಣಿ ಕೊಟ್ಟ. ಕೂಗುವವನು ಯಾವ ಗುಂಗಿನಲ್ಲಿದ್ದನೋ, "ಬೆಳ್ಳಿ ಬೋಗುಣಿ" ಅಂದುಬಿಟ್ಟ. ಅಪ್ಪ ತಿದ್ದಲಿಲ್ಲ. ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಊಟದ ಪಂಕ್ತಿಯಲ್ಲಿ ಮೊದಲನೆಯವನಾಗಿ ಕೂತ. ಅಲ್ಲಿಂದ ಮುಂದೆ ಊರಲ್ಲಿ ಯಾವುದಕ್ಕೇ ಚಂದಾ ಎತ್ತಲಿ, ಮೊದಲು ನಮ್ಮ ಬಾಗಿಲಿಗೇ ಬರುತ್ತಿದ್ದರು. ಬೋಗುಣಿ ಪಡೆದವರಾದರೂ ತಿದ್ದಬಹುದಿತ್ತು. ಅವರೂ ಸುಮ್ಮನಿದ್ದರು. ಬೆಳ್ಳಿ ಬೋಗುಣಿ ಕೊಟ್ಟ ಮರ್ಯಾದೆ ನಮಗೆ ಬೇಕಿದ್ದಂತೆ ಬೆಳ್ಳಿ ಬೋಗುಣಿ ಬಂದ ಮರ್ಯಾದೆ ಅವರಿಗೂ ಬೇಕಿತ್ತು.

ಲೆಮನ್ ಸೆಟ್ಟಿನ ಕತೆ ಬೇರೆ. ಒಂದು ಗಾಜಿನ ಜಗ್ಗು, ಆರು ಗ್ಲಾಸು. ಅದರಲ್ಲಿ ಯಾರಾದರೂ ಲಿಂಬು ಶರಬತ್ತು ಕುಡಿದದ್ದನ್ನು ನಾನು ಕಂಡಿಲ್ಲ. ಅದು ಕುಡಿಯುವುದಕ್ಕಲ್ಲ, ತಿರುಗುವುದಕ್ಕೆ. ಬಂದ ಡಬ್ಬಿಯನ್ನು ಬಿಚ್ಚದೆ ಇಟ್ಟು ಮುಂದಿನ ಮದುವೆಗೆ ದಾಟಿಸುವುದು. ನಮ್ಮವ್ವ ಹಾಗೆ ದಾಟಿಸಿದ ಸೆಟ್ಟು ನಾಲ್ಕು ವರ್ಷ ಯಾವ ಯಾವ ಊರು ಸುತ್ತಿತೋ, ಕೊನೆಗೆ ನನ್ನ ಮದುವೆಗೇ ಬಂತು. ಆರು ಗ್ಲಾಸು ಐದಾಗಿದ್ದವು. "ಯಾರ ಮನಿ ಹಾಳಾಗ್ಯದ ಗೊತ್ತಿಲ್ಲ, ನಮ್ಮ ಗ್ಲಾಸ್ ಒಡದಾರ" ಎಂದು ಅವ್ವ ಚಪ್ಪರದಲ್ಲೇ ಶಾಪ ಹಾಕಿದಳು.

ಇಂಥ ಮನೆತನದಿಂದ ಬಂದ ನನಗೆ, ನನ್ನ ತಮ್ಮನ ಮಗಳು ಭಾಗ್ಯಳ ಮದುವೆಯ ಕಾರ್ಡು ಕೈಗೆ ಬಂದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಕಾರ್ಡಿನ ಕೆಳಗೆ, ಎಲ್ಲರೂ "ನಿಮ್ಮ ಆಶೀರ್ವಾದವೇ ಉಡುಗೊರೆ" ಎಂದು ಸುಳ್ಳು ಬರೆಯುವ ಜಾಗದಲ್ಲಿ, ಹೀಗಿತ್ತು: "ದಯವಿಟ್ಟು ವಸ್ತು ತರಬೇಡಿರಿ. ನಮಗೆ ಅನುಭವ ಕೊಡಿರಿ." ಪಕ್ಕದಲ್ಲಿ ಒಂದು ಕಪ್ಪು-ಬಿಳುಪು ಚೌಕ. ಅದಕ್ಕೆ ಫೋನು ಹಿಡಿದರೆ ಒಂದು ಪಟ್ಟಿ ತೆರೆಯುತ್ತದೆ. ಮದುಮಕ್ಕಳು ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಏನು ಕಲಿಯಬೇಕು ಎಂದುಕೊಂಡಿದ್ದಾರೋ ಅದೆಲ್ಲ ಅದರಲ್ಲಿ. ನಮಗೆ ಸರಿಬಂದದ್ದನ್ನು ಒತ್ತಿ ಹಣ ಕಟ್ಟಿದರೆ ಅದು ಅವರ ಹೆಸರಿಗೆ ಹೋಗುತ್ತದೆ. ಗಡಿಯಾರ ಇಲ್ಲ, ಜಗ್ಗಿಲ್ಲ, ಮೈಕಿಲ್ಲ.

ಭಾಗ್ಯ ಎರಡು ವರ್ಷದಿಂದ ಶಹಾಪುರದಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ. ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಮಾತು ಕಡಿಮೆ. ಅವಳಪ್ಪ, ಅಂದರೆ ನನ್ನ ತಮ್ಮ ಸಿದ್ದಣ್ಣ, ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಎದುರಿಗೆ ಯಾರು ಬಂದರೂ ಎದ್ದು ನಿಲ್ಲುವುದು ಅವನ ಚಟ. ಸಾಹೇಬರಿಗೆ ನಿಂತು ನಿಂತು ರೂಢಿಯಾಗಿ ಈಗ ಹಾಲಿನವನಿಗೂ ನಿಲ್ಲುತ್ತಾನೆ. ಹುಡುಗ ಮಲ್ಲಿಕಾರ್ಜುನ ಯಾದಗಿರಿಯವನು. ಸೈದಾಪುರದ ಹತ್ತಿರ ಕಡೇಚೂರಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ತರಬೇತಿಗೆ ಪುಣೆಗೆ ಹೋದಾಗ ಯಾರದೋ ಮದುವೆಯಲ್ಲಿ ಇಂಥ ಪಟ್ಟಿ ನೋಡಿ ಬಂದಿದ್ದನಂತೆ. ಪಟ್ಟಿಯನ್ನು ಅವನೂ ಭಾಗ್ಯಳೂ ಫೋನಿನಲ್ಲಿ ಮಾತಾಡಿಕೊಂಡು ಮಾಡಿದ್ದರು. ಪಾಸ್‌ವರ್ಡ್ ಇಬ್ಬರ ಹತ್ತಿರವೂ ಇತ್ತು. ಹುಡುಗನ ಅಪ್ಪ ಶರಣಪ್ಪನವರು ರಿಟೈರಾದ ಅಧಿಕಾರಿ. ನಿಶ್ಚಯದ ದಿನ ಯಾದಗಿರಿಯ ಅವರ ಮನೆಯಲ್ಲಿ "ನಾವು ವರದಕ್ಷಿಣಿ ತಗೊಳ್ಳೋ ಮಂದಿ ಅಲ್ರಿ" ಎಂದು ಮೂರು ಸಲ ಹೇಳಿದರು. ಒಂದು ಸಲ ಹೇಳಿದರೆ ಸಾಕಾಗುವ ಮಾತನ್ನು ಮೂರು ಸಲ ಯಾಕೆ ಹೇಳಿದರು ಎಂದು ಆಗಲೇ ಯೋಚಿಸಬೇಕಿತ್ತು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದರಲ್ಲಿದ್ದೆ. ಸಿದ್ದಣ್ಣ ಅಷ್ಟೂ ಹೊತ್ತು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ.

ಕಾರ್ಡನ್ನು ಮೊದಲು ನೋಡಿದವರು ಪಕ್ಕದ ಮನೆಯ ಮೆಹಬೂಬ್‌ಬೀ ಆಪಾ. ಬಟ್ಟೆ ಹೊಲಿಯುತ್ತಾರೆ, ಓಣಿಯ ಅರ್ಧ ಹೆಂಗಸರ ಅಳತೆ ಅವರಿಗೆ ಬಾಯಿಪಾಠ.

"ಇದೇನ್ರಿ ಟೀಚರಮ್ಮ, ಚಾದಂಗಡ್ಯಾಗಿನ ಚೌಕ ಲಗ್ನದ ಕಾರ್ಡಿಗೆ ಹಚ್ಚ್ಯಾರ! ರೊಕ್ಕ ಹಾಕಿ ಒಳಗ ಹೋಗಬೇಕೇನು?"

ನಾನು ತಾಳ್ಮೆಯಿಂದ ಬಿಡಿಸಿ ಹೇಳಿದೆ. ಕೇಳಿ, "ಅನುಭವ ಅಂದ್ರ?" ಎಂದರು.

"ತಜುರ್ಬಾ, ಆಪಾ."

"ತಜುರ್ಬಾ?" ಆಪಾ ಕಾರ್ಡು ಕೆಳಗಿಟ್ಟರು. "ನನ್ನ ಶಾದಿ ಆಗಿ ನಲವತ್ತು ವರ್ಷ ಆತು. ತಜುರ್ಬಾ ಬಿಟ್ಟು ಬ್ಯಾರೆ ಏನೂ ಸಿಕ್ಕಿಲ್ಲ. ಅದನ್ನ ಇವ್ರು ಕೇಳಿ ತಗೋತಾರಾ?"

ಅನುಭವ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲೂ ಕಚ್ಚುವ ಹಲ್ಲು ಇದೆ. ನಾವು ಚಿಕ್ಕವರಿದ್ದಾಗ ಏನಾದರೂ ಕಿತಾಪತಿ ಮಾಡಿದರೆ ಅವ್ವ ಹೊಡೆಯುತ್ತಿರಲಿಲ್ಲ. ಒಲೆಯ ಮುಂದೆ ಕೂತಲ್ಲಿಂದಲೇ ತಣ್ಣಗೆ "ಅನುಭವಸ್ತಿ ಮಗಳ, ಅನುಭವಸ್ತಿ" ಅನ್ನುತ್ತಿದ್ದಳು. ಆ ಮಾತು ಹೊಡೆತಕ್ಕಿಂತ ಹೆಚ್ಚು ದಿನ ಉಳಿಯುತ್ತಿತ್ತು.

ಪಟ್ಟಿ ಚಂದವಾಗಿಯೇ ಇತ್ತು. ಆಕಾಶದಲ್ಲಿ ಹಾರುವ ಅನುಭವ. ಮಡಕೆ ಮಾಡಲು ಕಲಿಯುವ ಅನುಭವ. ಮೇಣದಬತ್ತಿಯ ಬೆಳಕಿನಲ್ಲಿ ಇಬ್ಬರೇ ಕೂತು ಉಣ್ಣುವ ಅನುಭವ. ಆಮೇಲೆ ಹಳ್ಳಿ ಬದುಕಿನ ಅನುಭವ ಎಂದೊಂದಿತ್ತು: ಹೈದರಾಬಾದಿನ ಹೊರಗೆ ಯಾವುದೋ ರೆಸಾರ್ಟಿನಲ್ಲಿ ಒಂದು ದಿನ ಎತ್ತಿನ ಬಂಡಿಯಲ್ಲಿ ಕೂಡುವುದು, ಹೊರಸಿನ ಮೇಲೆ ಮಲಗುವುದು, ಹೊಲದಲ್ಲಿ ಹತ್ತಿ ಬಿಡಿಸುವುದು. ಬೆಲೆ ಓದಿ ಹೇಳಿದಾಗ ಆಪಾಗೆ ಕೆಮ್ಮು ಬಂತು.

"ಹತ್ತಿ ಬಿಡಸಾಕ ಇಷ್ಟು ರೊಕ್ಕ ಕೊಡ್ತಾರೇನ್ರಿ? ನಮ್ಮಕ್ಕನ ಹೊಲದಾಗ ಹತ್ತಿ ನೆಲಕ್ಕ ಬೀಳಾಕತ್ತದ, ಆಳು ಸಿಗವಲ್ರು. ಕಳಸ್ರಿ ಇಬ್ಬರ್ನೂ. ಮುಫತ್ ತಜುರ್ಬಾ. ಮ್ಯಾಲೆ ಕೂಲಿನೂ ಕೊಡಸ್ತೀನಿ."

ನಾನು ನಕ್ಕು ಸುಮ್ಮನಾಗಲಿಲ್ಲ. ಹಿಂದುಳಿದವರಿಗೆ ತಿಳಿಸಿ ಹೇಳುವುದು ಮಾಸ್ತರಿಕೆಯವರ ರೋಗ. ಸ್ಟಾಫ್ ರೂಮಿನಲ್ಲಿ "ಇದು ವಸ್ತುಗಳ ದಾಸ್ಯದಿಂದ ಬಿಡುಗಡೆ" ಎಂದು ಭಾಷಣ ಮಾಡಿದೆ. ಬಂಧುಬಳಗಕ್ಕೆಲ್ಲ ಫೋನು ಹಚ್ಚಿ, ಪಾತ್ರೆ-ಪಗಡ ತರಬೇಡಿರೆಂದು ಕಟ್ಟುನಿಟ್ಟಾಗಿ ಹೇಳಿದೆ. ದೂರದ ಸಂಬಂಧದ ಕಾಕಿಯೊಬ್ಬಳು ಆಗಲೇ ಹಿತ್ತಾಳೆ ಕೊಡ ತಂದಿಟ್ಟಿದ್ದಳು. ಅದನ್ನು ಅಂಗಡಿಗೆ ವಾಪಸು ಕೊಡಿಸಿದೆ.

"ಅಲ್ಲವ್ವಾ, ಖಾಲಿ ಕೈ ಬೀಸ್ಕೊಂತ ಬಂದ್ರ, ಫೋಟೋದಾಗ ಏನ್ ಹಿಡ್ಕೊಂಡು ನಿಲ್ಲೂಣು?" ಎಂದಳು ಕಾಕಿ.

ಪ್ರಶ್ನೆ ನ್ಯಾಯವಾದದ್ದೇ. "ಕೈ ಮುಗದು ನಿಂದರ್ರಿ" ಎಂದೆ. ನಮ್ಮ ಹೆಡ್‌ಮಾಸ್ತರು ನನ್ನ ಮಾತಿಗೆ ಕಟ್ಟುಬಿದ್ದು ಆಕಾಶದಲ್ಲಿ ಹಾರುವುದನ್ನು ಕೊಟ್ಟರು. ಆಕಾಶದ ಮೇಲಿನ ಪ್ರೀತಿಯಿಂದಲ್ಲ. ಪಟ್ಟಿಯಲ್ಲಿ ಅದು ಎಲ್ಲಕ್ಕಿಂತ ಮೇಲಿತ್ತು, ಬೆರಳಿನಿಂದ ಕೆಳಗೆ ಸರಿಸಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ನಾನು ಒಂದು ವಾರ ತೂಗಿ ನೋಡಿ ಮೇಣದಬತ್ತಿ ಊಟವನ್ನು ಆರಿಸಿದೆ. ಕಾಲುವೆ ಇಲಾಖೆಯಲ್ಲಿರುವ ನಮ್ಮ ಮನೆಯವರು ಅದರ ಬೆಲೆ ನೋಡಿ, "ಕರೆಂಟ್ ಹೋದಾಗೆಲ್ಲ ನಾವು ಹಂಗ ಉಂಡೀವಿ. ಅದು ಇಷ್ಟು ತುಟ್ಟಿ ಅಂತ ಗೊತ್ತಿದ್ರ ಇನ್ನಷ್ಟು ಚಂದ ಕೂತು ಉಣತಿದ್ವಿ" ಎಂದರು. ಅವರಿಗೆ ನಾನು ಉತ್ತರ ಕೊಡುವುದಿಲ್ಲ. ಅದು ನಮ್ಮ ದಾಂಪತ್ಯದ ಗುಟ್ಟು.

ಮದುವೆಗೆ ಇನ್ನೂ ಮೂರು ವಾರ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ಸಿದ್ದಣ್ಣ ಸುರಪುರದಿಂದ ಮೊದಲ ಬಸ್ಸು ಹಿಡಿದು ಬಂದ. ಬಂದವನು ಚಹಾ ಬೇಡ ಅಂದ. ನನ್ನ ತಮ್ಮ ಚಹಾ ಬೇಡ ಅಂದದ್ದು ನಮ್ಮಪ್ಪ ಹೋದ ದಿನ ಒಮ್ಮೆ, ಅವತ್ತು ಒಮ್ಮೆ.

"ಅಕ್ಕಾ, ಇನ್ನೊಂದು ಪಟ್ಟಿ ಬಂದದ."

"ಎಂಥ ಪಟ್ಟಿ?"

"ಬೀಗರು ಕಳಿಸ್ಯಾರ. ಮನಿಯವ್ರಿಗಷ್ಟ ಅಂತ."

ಫೋನು ನನ್ನ ಕೈಗಿಟ್ಟ. ಅದೇ ಹೂವಿನ ಅಂಚು, ಅದೇ ಅಕ್ಷರ, ಅದೇ ಮದುಮಕ್ಕಳ ಫೋಟೋ. ಮೊದಲನೆಯದು "ದೂರದ ದಾರಿಯ ಸವಾರಿಯ ಅನುಭವ." ಒತ್ತಿದರೆ ಯಾದಗಿರಿಯ ಬೈಕ್ ಶೋರೂಮು ತೆರೆಯಿತು, ಕಪ್ಪು ಬಣ್ಣದ, ನಮ್ಮ ಓಣಿಯಲ್ಲಿ ಬಂದರೆ ಕಿಟಕಿ ನಡುಗುವಂಥ ಗಾಡಿ. ಎರಡನೆಯದು "ತಂಪಾದ ನಿದ್ರೆಯ ಅನುಭವ." ಅದು ಏಸಿ, ಒಂದಲ್ಲ, ಎರಡು, ಒಂದು ಅತ್ತೆ-ಮಾವನ ಕೋಣೆಗೆ. ಮೂರನೆಯದು "ಬಂಗಾರದ ಮೊದಲ ಸ್ಪರ್ಶದ ಅನುಭವ, ಐದು ತೊಲೆ." ಕೊನೆಯದು "ಸ್ವಂತ ನೆಲದ ಮೇಲೆ ಕಾಲಿಡುವ ಅನುಭವ." ಅದು ಯಾದಗಿರಿಯ ಹೊಸ ಬಡಾವಣೆಯಲ್ಲಿ ಒಂದು ಸೈಟು.

"ಫೋನ್ ಮಾಡಿದ್ದಿಲ್ಲೇನು?" ಎಂದೆ.

"ಮಾಡಿದ್ದೆ. 'ಬೀಗರ, ನೀವು ವಸ್ತು ಬ್ಯಾಡ ಅಂದಿದ್ರಲ್ಲ' ಅಂದೆ. 'ವಸ್ತು ಎಲ್ಲಿ ಕೇಳೀವ್ರಿ ಸಿದ್ದಣ್ಣನವ್ರ, ಅನುಭವ ಅಲ್ಲೇನು ಕೇಳಿದ್ದು? ನಾವು ವರದಕ್ಷಿಣಿ ತಗೊಳ್ಳೋ ಮಂದಿ ಅಲ್ರಿ' ಅಂದ್ರು."

ಅದು ನಾಲ್ಕನೇ ಸಲ.

ಈಗ ನಾನು ಹೇಳುವ ಮಾತನ್ನು ಮುಚ್ಚಿಡಬಹುದಿತ್ತು. ಆದರೆ ನೀವು ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ. ನಾನು ಒಂಬತ್ತನೇ ತರಗತಿಗೆ ಇಪ್ಪತ್ತು ವರ್ಷದಿಂದ "ವರದಕ್ಷಿಣೆ ಎಂಬ ಪಿಡುಗು" ಪ್ರಬಂಧ ಬರೆಸುತ್ತಿದ್ದೇನೆ. ಅದರಲ್ಲಿ ಯಾರಿಗೂ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಕೊಟ್ಟಿಲ್ಲ, ವಿಚಾರದಲ್ಲಿ ಆಳ ಸಾಲದೆಂದು. ಅಂಥ ನಾನು ತಮ್ಮನ ಮುಖ ನೋಡಿ, ಹಂಚಿಯಾದ ಕಾರ್ಡುಗಳನ್ನು ನೆನೆದು, ದನಿ ತಗ್ಗಿಸಿ ಹೇಳಿದೆ: "ಸಿದ್ದಾ, ಬೈಕ್ ಒಂದು ಕೊಟ್ಟುಬಿಡು. ಉಳಿದದ್ದು ಮುಂದ ನೋಡೂಣು ಅನ್ನು."

ಬಾಗಿಲಲ್ಲಿ ಭಾಗ್ಯ ನಿಂತಿದ್ದಳು. ಆಸ್ಪತ್ರೆಗೆ ಹೊರಟವಳು ಊಟದ ಡಬ್ಬಿ ಮರೆತು ತಿರುಗಿ ಬಂದಿದ್ದಳು. ಅವಳು ಕೂಗಾಡಲಿಲ್ಲ, ಅಳಲಿಲ್ಲ. ನನ್ನ ಕೈಯಿಂದ ಫೋನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ, ಯಾರದೋ ರಿಪೋರ್ಟು ಓದುವ ಹಾಗೆ, ಓದಿದಳು. ಆಮೇಲೆ ತನ್ನ ಫೋನಿನಿಂದ ಮಲ್ಲಿಕಾರ್ಜುನನಿಗೆ ಹಚ್ಚಿ, ನಮಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟಳು.

"ಈ ಎರಡನೇ ಪಟ್ಟಿ ಯಾರು ಬರದಾರ?"

"ಅಪ್ಪ ಹೇಳಿದ್ರು. ನಾ ಬರೀ ಟೈಪ್ ಮಾಡೀನಿ."

"ಬಂಗಾರದ್ದೂ?"

"ಅದನ್ನೂ... ಟೈಪ್ ಮಾಡೀನಿ. ನೀ ಸಿಟ್ಟಾಗಬ್ಯಾಡ ಭಾಗ್ಯ. ಅಪ್ಪಗ ಬ್ಯಾಡ ಅಂತ ಹ್ಯಾಂಗ ಅನ್ಲಿ? ಹುಟ್ಟಿದಾಗಿಂದ ಒಮ್ಮೆನೂ ಅಂದಿಲ್ಲ."

"ಟೈಪಿಂಗಿನ್ಯಾಗ ತಪ್ಪಿಲ್ಲ. ಚಂದ ಮಾಡೀರಿ" ಎಂದು ಇಟ್ಟುಬಿಟ್ಟಳು.

ಆಸ್ಪತ್ರೆಗೆ ಒಂದು ತಾಸು ತಡವಾಗಿ ಬರುತ್ತೇನೆಂದು ಹೇಳಿ, ಹೊಸ್ತಿಲಲ್ಲಿ ಕೂತು ಎರಡೂ ಹೆಬ್ಬೆರಳಿನಿಂದ ಏನೋ ಬರೆಯತೊಡಗಿದಳು. ನಡುವೆ ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದಳು. "ಅತ್ತಿ, 'ತವರು' ಅನ್ನೋದಕ್ಕ ದೀರ್ಘ ಇಲ್ಲಲ್ಲ?"

ಇಲ್ಲ ಎಂದೆ. ನನ್ನಿಂದ ಅವಳಿಗೆ ಆದ ಸಹಾಯ ಅಷ್ಟೇ.

ಅವಳು ಬರೆದದ್ದು ಮೂರನೇ ಪಟ್ಟಿ. ತಲೆಬರಹ: "ವರನ ಮನೆಯವರು ವಧುವಿಗೆ ಕೊಡಬಹುದಾದ ಅನುಭವಗಳು." ಒಂದು, ತಿಂಗಳ ಪಗಾರ ತನ್ನ ಖಾತೆಯಲ್ಲೇ ಇರುವ ಅನುಭವ. ಎರಡು, ಡ್ಯೂಟಿ ಮುಗಿಸಿ ಬಂದಾಗ ಬೇರೆಯವರು ಮಾಡಿದ ಚಹಾ ಕುಡಿಯುವ ಅನುಭವ. ಮೂರು, "ತವರಿನವರು ಏನು ಕೊಟ್ಟರು" ಎಂದು ಯಾರೂ ಕೇಳದೆ ಒಂದು ವರ್ಷ ಕಳೆಯುವ ಅನುಭವ. ನಾಲ್ಕು, ನಮ್ಮಪ್ಪ ಬೀಗರ ಮನೆಯಲ್ಲಿ ಕುರ್ಚಿಯ ಮೇಲೆ ಬೆನ್ನು ಆನಿಸಿ ಕೂಡುವ ಅನುಭವ.

ನಾಲ್ಕನೆಯದನ್ನು ಓದಿ ಸಿದ್ದಣ್ಣ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. ಒರೆಸುತ್ತಲೇ ಇದ್ದ.

ಆಮೇಲೆ ಭಾಗ್ಯ ಮಾಡಿದ ಕೆಲಸ ಬಹಳ ಸಣ್ಣದು. "ಮನೆಯವರಿಗೆ ಮಾತ್ರ" ಎಂಬ ಬೀಗವನ್ನು ತೆಗೆದು, ಮೂರೂ ಪಟ್ಟಿಯನ್ನು ಒಂದರ ಕೆಳಗೊಂದು ಎಲ್ಲರಿಗೂ ಕಾಣುವಂತೆ ಇಟ್ಟಳು. ಡಬ್ಬಿ ತೆಗೆದುಕೊಂಡು ಡ್ಯೂಟಿಗೆ ಹೋದಳು.

ಎಲ್ಲರಿಗೂ ಅಂದರೆ ಎಷ್ಟು ಜನರಿಗೆ ಎಂಬುದು ನಮಗೆ ಹೊಳೆದದ್ದು ಆಮೇಲೆ. ಕಾರ್ಡು ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಮನೆಮನೆಗೆ ಮುಟ್ಟಿಯಾಗಿತ್ತು, ಪ್ರತಿ ಕಾರ್ಡಿನಲ್ಲೂ ಆ ಚೌಕವಿತ್ತು. ಕಾರ್ಡಿನ ಚೌಕಕ್ಕೆ ಫೋನು ಹಿಡಿಯುವುದನ್ನು ಎಲ್ಲರಿಗೂ ಕಲಿಸಿಟ್ಟವಳು ನಾನೇ. ಮಧ್ಯಾಹ್ನಕ್ಕೆ ನನ್ನ ಫೋನು ಬಿಸಿಯಾಯಿತು. ಕಾಕಿ, "ಐದು ತೊಲಿ ಮುಟ್ಟಿದ್ರ ಹ್ಯಾಂಗಿರ್ತದಂತ, ಬೀಗರನ್ನ ಕೇಳಿ ಹೇಳವ್ವಾ" ಎಂದಳು. ಶರಣಪ್ಪನವರ ಜೊತೆ ಕೆಲಸ ಮಾಡಿದವರೊಬ್ಬರು ಅವರಿಗೇ ಫೋನು ಮಾಡಿ, ತಂಪಾದ ನಿದ್ರೆ ಬರುತ್ತಿದೆಯೇ ಎಂದು ವಿಚಾರಿಸಿದರಂತೆ. ಮರುದಿನ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಗಣಿತದ ಟೀಚರು ನನ್ನ ಬಳಿ ಬಂದು, "ಮೇಡಂ, ಆ ಎರಡನೇದು, ಚಹಾದ್ದು, ನಮ್ಮ ಮನ್ಯಾಗ ಹ್ಯಾಂಗ ಹಚ್ಚಬೇಕ್ರಿ?" ಎಂದು ಪಿಸುಗುಟ್ಟಿದಳು. ನಕ್ಕಳೆಂದುಕೊಂಡು ನಾನೂ ನಕ್ಕೆ. ಅವಳು ನಕ್ಕಿರಲಿಲ್ಲ.

ಮಂಗಳವಾರ ಶರಣಪ್ಪನವರು ಕಾರು ಮಾಡಿಕೊಂಡು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬರುತ್ತೇವೆಂದು ಮೊದಲೇ ತಿಳಿಸಿದ್ದರಿಂದ ನಾನೂ ಭಾಗ್ಯಳೂ ರಜೆ ಹಾಕಿದ್ದೆವು, ಸಿದ್ದಣ್ಣನೂ ರಜೆ ಹಾಕಿ ಬಂದಿದ್ದ. ಅವರು ಒಳಗೆ ಕಾಲಿಟ್ಟದ್ದೇ ಅವನು ಎದ್ದು ನಿಂತ. ನಾನು ಧೈರ್ಯವಾಗಿ ಅಡುಗೆಮನೆಗೆ ಹೋಗಿ ಚಹಾ ಸೋಸಿದೆ. ಒಮ್ಮೆ ಸೋಸಿದ ಚಹಾವನ್ನೇ ಮತ್ತೊಮ್ಮೆ ಸೋಸಿದೆ. ಆಪಾ ಹೊಲಿಗೆ ತಂದುಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ತಮ್ಮ ಮನೆಯಲ್ಲಿ ಬೆಳಕು ಸಾಲದೆಂದರು.

"ಏನ್ ಸಿದ್ದಣ್ಣನವ್ರ, ನಿಮ್ಮ ಮಗಳು ನಮ್ಮ ಮರ್ಯಾದಿ ತಂದು ಬಜಾರದಾಗ ಇಟ್ಟಾಳ!"

ಸಿದ್ದಣ್ಣ ಬಾಯಿ ತೆರೆಯುವ ಮೊದಲೇ ಭಾಗ್ಯ ಹೇಳಿದಳು, "ಇಟ್ಟೋರು ನೀವ್ರಿ ಮಾವಾರ. ನಾ ಬಾಗಿಲಾ ತೆಗದೀನಿ ಅಷ್ಟ."

"ಮನಿಯವ್ರಿಗಷ್ಟ ಅಂತ ಬರದಿದ್ದಿಲ್ಲೇನು?"

"ಮನಿಯವ್ರಿಗೇ ತೋರಿಸೀನ್ರಿ. ನಮ್ಮ ಮನಿ ದೊಡ್ಡದು."

ಆಪಾ ಸೂಜಿಗೆ ದಾರ ಪೋಣಿಸುತ್ತ, ಯಾರ ಕಡೆಗೂ ನೋಡದೆ, "ಹೌದ್ರಿ ಸಾಬ್, ನಾವೂ ಮನಿಯವ್ರ" ಎಂದರು.

ಶರಣಪ್ಪನವರಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತೆಂದು ಈಗ ಅನಿಸುತ್ತದೆ. ಅಷ್ಟು ವರ್ಷ ಅಧಿಕಾರದಲ್ಲಿದ್ದವರು, ಕಾಗದದ ಮೇಲೆ ಶಬ್ದ ಬದಲಿಸಿದರೆ ಸಂಗತಿಯೇ ಬದಲಾಗುವುದನ್ನು ಎಷ್ಟೋ ಸಲ ಕಂಡವರು. ಈ ಸಲ ಮಾತ್ರ ಬದಲಾಗಲಿಲ್ಲ. ಮೂಗಿನ ಹೊಳ್ಳೆ ಅರಳಿಸಿ, ಸಿದ್ದಣ್ಣನಿಗೆ ಬೆರಳು ತೋರಿಸಿ ಹೇಳಿದರು: "ಇವತ್ತ ಆ ಮೂರನೇ ಪಟ್ಟಿ ತಗಸ್ರಿ. ಮಗಳ ಕಡಿಂದ ಕ್ಷಮಾ ಕೇಳಸ್ರಿ. ಇಲ್ಲಂದ್ರ ಈ ಲಗ್ನ ಮುರೀತು ಅಂತ ತಿಳ್ಕೋರಿ."

ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದೆ. ಸಿದ್ದಣ್ಣನ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಅದು ಬೆಳ್ಳಗಾಗಿತ್ತು. ಅವನು ಮಗಳ ಕಡೆ ನೋಡಿದ, ಬೀಗರ ಬೆರಳಿನ ಕಡೆ ನೋಡಿದ. ಆಮೇಲೆ ಹಿಂದಿದ್ದ ಕುರ್ಚಿಯನ್ನು ಕೈಯಿಂದ ತಡವಿ, ಕೂತ. ಬೆನ್ನು ಆನಿಸಿಯೇ ಕೂತ.

"ಹಂಗಾದ್ರ ಹೋಗಿ ಬರ್ರಿ ಬೀಗರ" ಎಂದ. ಕುರ್ಚಿಯಿಂದ ಏಳಲಿಲ್ಲ.

ನನ್ನ ಕೈಯಲ್ಲಿದ್ದ ಚಹಾವನ್ನು ಯಾರೂ ಕುಡಿಯಲಿಲ್ಲ. ಶರಣಪ್ಪನವರು ಧಡಧಡ ಮೆಟ್ಟಿಲಿಳಿದು ಕಾರಿನಲ್ಲಿ ಕೂತರು. ಮಲ್ಲಿಕಾರ್ಜುನ ಮಾತ್ರ ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಿದ್ದ. ಅಷ್ಟು ನಿಧಾನವಾಗಿ ಬೂಟು ಹಾಕಿಕೊಳ್ಳುವ ಮನುಷ್ಯನನ್ನು ನಾನು ನೋಡಿಲ್ಲ. ಬಂದಾಗಿನಿಂದ ಅವನು ಒಂದು ಶಬ್ದ ಆಡಿರಲಿಲ್ಲ. ಒಳ್ಳೆಯ ಹುಡುಗ ಎಂದು ಎಲ್ಲರೂ ಅನ್ನುತ್ತಿದ್ದರು. ನಮ್ಮಲ್ಲಿ ಗಂಡುಹುಡುಗರಿಗೆ ಒಳ್ಳೆಯವನೆನಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

"ಭಾಗ್ಯ, ನಾ ಏನ್ ಮಾಡ್ಲಿ ಈಗ?" ಎಂದ, ಬೂಟಿಗೆ ಹೇಳಿದ ಹಾಗೆ.

ಭಾಗ್ಯ ಬಾಗಿಲವರೆಗೆ ಬಂದಳು. ಅವಳಿಗೆ ಅವನ ಮೇಲೆ ಮನಸ್ಸಿತ್ತು. ಅದು ನನಗೆ ಗೊತ್ತು. ಎರಡು ತಿಂಗಳು ದಿನಾ ಸಂಜೆ ಮಾಳಿಗೆಯ ಮೇಲೆ ಅವಳು ಫೋನಿನಲ್ಲಿ ನಕ್ಕದ್ದನ್ನು ಕೆಳಗಿನಿಂದ ಕೇಳಿದ್ದೇನೆ. ಮಾತು ಕಡಿಮೆಯವಳು ಅಷ್ಟು ನಗಲು ಆ ಕಡೆಯವನಲ್ಲಿ ಏನಾದರೂ ಇದ್ದಿರಲೇಬೇಕು.

"ನಿಮ್ಮಪ್ಪಗ ಒಂದ್ಸಲ 'ಇಲ್ಲ' ಅನ್ನೋ ಅನುಭವ ತಗೋರಿ" ಎಂದಳು. "ನನ್ನ ಸಲುವಾಗಿ ಅಲ್ಲ. ನಿಮ್ಮ ಸಲುವಾಗಿ. ತಗೊಂಡ ಮ್ಯಾಲೆ ಫೋನ್ ಮಾಡ್ರಿ."

ಕಾರಿನ ಹಾರ್ನು ಕೇಳಿಸಿತು. ಅವನು ಹೋದ.

ಮುಂದಿನ ಕೆಲಸ ನನ್ನ ಪಾಲಿಗೆ ಬಂತು. ಮದುವೆಗೆ ಅನುಭವ ಕೊಡಿರೆಂದು ಯಾರು ಯಾರಿಗೆ ಫೋನು ಮಾಡಿದ್ದೆನೋ ಅವರಿಗೆಲ್ಲ ಮತ್ತೆ ಮಾಡಿ, ಮದುವೆ ನಿಂತಿದೆ ಎಂದು ಹೇಳಬೇಕು. ಕೆಲವರು ಮರುಗಿದರು. ಕೆಲವರು ಮರುಗುವ ದನಿಯಲ್ಲಿ ಖುಷಿಪಟ್ಟರು. ಕಾಕಿ, "ಕೊಡಾ ವಾಪಸ್ ಮಾಡಸ್ದಿ, ಈಗ ಲಗ್ನಾನೂ ವಾಪಸ್ ಮಾಡಸ್ದಿ" ಎಂದು ನನ್ನನ್ನೇ ಬೈದಳು. "ಹುಡುಗಿ ಭಾಳ ಶಾಣ್ಯಾ ಆದ್ರ ಹಿಂಗ ಆಗ್ತದ ನೋಡ್ರಿ" ಎಂದವರೂ ಇದ್ದರು. ಹುಡುಗನಪ್ಪ ಬಹಳ ಶಾಣ್ಯಾ ಆದರೆ ಏನಾಗುತ್ತದೆಂದು ಅವರು ಹೇಳಲಿಲ್ಲ. ಹೆಡ್‌ಮಾಸ್ತರು ಮಾತ್ರ ಬಹಳ ಹೊತ್ತು ಯೋಚಿಸಿ ಕೇಳಿದರು:

"ಟೀಚರ್, ನಾ ಆಕಾಶದಾಗ ಹಾರೋದು ಕೊಟ್ಟಿದ್ದೆ. ಈಗ ಅದನ್ನ ಯಾರು ಹಾರಬೇಕ್ರಿ?"

ಕಾರ್ಡಿನಲ್ಲಿದ್ದ ತಾರೀಕು ಬಂತು, ಹೋಯಿತು. ಆ ದಿನ ಭಾಗ್ಯ ಡ್ಯೂಟಿಗೆ ಹೋದಳು. ಅವತ್ತು ಅವಳು ಜಡೆಯನ್ನು ಮೂರು ಸಲ ಬಿಚ್ಚಿ ಹೆಣೆದದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ನೋಡಿಲ್ಲವೆಂದು ನಟಿಸಿದೆ. ಸಿದ್ದಣ್ಣ ಸುರಪುರದಿಂದ ಮೂರು ಸಲ ಫೋನು ಮಾಡಿ ಪ್ರತಿ ಸಲವೂ ಶಹಾಪುರದಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದ. ಮಲ್ಲಿಕಾರ್ಜುನನಿಂದ ಸುದ್ದಿಯಿಲ್ಲ. ಒಂದು ತಿಂಗಳಾಯಿತು. ಯಾದಗಿರಿಯಲ್ಲಿ ಅವನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆಂದು ಯಾರೋ ಅಂದರು. ಸಂಜೆ ಮಾಳಿಗೆಯ ಮೇಲೆ ಯಾರೂ ನಗುತ್ತಿರಲಿಲ್ಲ. ಒಂದು ದಿನ ತಡೆಯಲಾಗದೆ, "ನೀನಾ ಒಂದ್ಸಲ ಮಾಡಿ ನೋಡಬಾರದೇನು?" ಎಂದೆ. "ನಾ ಯಾಕ ಮಾಡ್ಲಿ ಅತ್ತಿ? ಅನ್ನಬೇಕಾದ್ದು ನಾ ಅಂದಾಗೇದ" ಎಂದಳು. ಬೈಕ್ ಕೊಟ್ಟುಬಿಡು ಎಂದ ಬಾಯಿ ನನ್ನದು. ಅದಕ್ಕೆ ಅಷ್ಟು ಉತ್ತರ ಸಾಕಿತ್ತು.

ಎರಡನೇ ತಿಂಗಳಲ್ಲಿ, ಭಾಗ್ಯಳಿಗೆ ರಜೆಯಿದ್ದ ಒಂದು ಮಧ್ಯಾಹ್ನ ಫೋನು ಬಂತು. ಅವಳು ಹೆಸರು ನೋಡಿ, ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು. ನಾನು ಅಕ್ಕಿ ಆರಿಸುತ್ತ ಕೂತೆ. ಅಕ್ಕಿಯಲ್ಲಿ ಒಂದೂ ಕಲ್ಲಿರಲಿಲ್ಲ, ಆದರೂ ಆರಿಸಿದೆ. ಆಪಾ ಗೋಡೆಯ ಆ ಕಡೆ ಹೊಲಿಗೆ ಯಂತ್ರ ನಿಲ್ಲಿಸಿದ್ದು ಕೇಳಿಸಿತು.

ಹತ್ತು ನಿಮಿಷಕ್ಕೆ ಒಳಗೆ ಬಂದಳು.

"ಏನಂತ?" ಎಂದೆ.

"ಅಂದನಂತ."

"ಖರೇನಾ? ಏನಂದನಂತ?"

"'ಇಲ್ಲಪ್ಪಾ, ನಾ ಏನೂ ತಗೊಳ್ಳಂಗಿಲ್ಲ, ಬ್ಯಾರೆ ಹುಡುಗಿನೂ ನೋಡಂಗಿಲ್ಲ' ಅಂದನಂತ. ಊಟಕ್ಕ ಕೂತಾಗ ಅಂದನಂತ. ಅವರಪ್ಪ ತಾಟು ಸರಿಸಿ ಎದ್ದು ಹೋಗ್ಯಾರ. ಮೂರು ದಿನ ಆತಂತ, ಮಾತಿಲ್ಲ ಕತಿಯಿಲ್ಲ. ಅವರವ್ವ ಅಳಾಕತ್ತಾಳಂತ. ಇವಗ ಅವತ್ತಿಂದ ಹೊಟ್ಟಿ ಕೆಟ್ಟದಂತ."

"ಅಯ್ಯೋ, ಪಾಪ" ಎಂದೆ. ಮನಸ್ಸಿನಲ್ಲಿ ಆಗಲೇ ಚಪ್ಪರ ಹಾಕಿಸಿ, ಅಡುಗೆಯವನಿಗೆ ಹೇಳಿ, ಸೀರೆ ಆರಿಸಿಯಾಗಿತ್ತು. "ನೀ ಏನಂದಿ?"

"ಓಆರ್‌ಎಸ್ ಕುಡೀರಿ ಅಂದೆ."

"ಅದಲ್ಲ ಹುಡುಗಿ! ಲಗ್ನದ್ದು!"

ಭಾಗ್ಯ ನನ್ನ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದು, ಬೆರಳ ಸಂದಿಯಿಂದ ಮತ್ತೆ ಮೊರಕ್ಕೇ ಸುರಿದಳು. ತುಟಿಯ ತುದಿಯಲ್ಲಿ ನಗೆಯಿತ್ತು. ಮಾಳಿಗೆಯ ಮೇಲಿನದಲ್ಲ, ಬೇರೆಯದು.

"ಅತ್ತಿ, ಮೊದಲನೇ ಸಲ ಸೂಜಿ ಚುಚ್ಚಿದಾಗ ಎಂಥೆಂಥ ಗಂಡಸರು ಕಣ್ಣಿಗೆ ಕತ್ತಲಿ ಬಂದು ಬೀಳ್ತಾರ, ದಿನಾ ನೋಡ್ತೀನಿ. ಅದರ ಮ್ಯಾಲೆ ಏನೂ ಹೇಳಾಕ ಬರಂಗಿಲ್ಲ. ಎರಡನೇ ಸಲ ತಾವಾಗೇ ಬಂದು ತೋಳು ಮುಂದ ಮಾಡ್ತಾರಲ್ಲ, ಅವ್ರು ಗಟ್ಟಿ." ಎದ್ದು ಸೆರಗು ಕೊಡವಿಕೊಂಡಳು. "ಇನ್ನೊಮ್ಮೆ ಅನ್ಲಿ. ಆಮ್ಯಾಲೆ ತಾರೀಕು ನೋಡೂಣು."